ಮಾಸ್ಟರ್ ಸಿಲಿಂಡರ್ ಬದಲಾಯಿಸುವ ಮೊದಲು ಎರಡು ನಟ್ಟು ಸಡಿಲಿಸಿ ನೋಡಿ

ಹಳೇ ಕಾರು ಇಟ್ಟುಕೊಂಡವರಿಗೆ ಗ್ಯಾರೇಜಿನಲ್ಲಿ ಒಂದು ಮಾತು ಖಾಯಂ. ಬ್ರೇಕ್ ಪೆಡಲ್ ಸರಿಯಾಗಿ ವಾಪಸ್ ಬರುತ್ತಿಲ್ಲ ಅಂದರೆ ಸಾಕು, ಬಾನೆಟ್ ಎತ್ತುವ ಮೊದಲೇ "ಮಾಸ್ಟರ್ ಹೋಗದೆ ಸಾರ್, ಚೇಂಜ್ ಮಾಡ್ಬುಡಣ" ಅನ್ನುತ್ತಾರೆ. ಮಾಸ್ಟರ್ ಅಂದರೆ ಮಾಸ್ಟರ್ ಸಿಲಿಂಡರ್, ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ಒತ್ತಿ ಕಳಿಸುವ ಭಾಗ. ಹೋಗಿರಲೂಬಹುದು. ಆದರೆ ಹೋಗಿದೆ ಅಂತ ಗೊತ್ತಾಗಿದ್ದು ಹೇಗೆ? ಇದನ್ನು ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ, ಕೇಳಲೇಬೇಕು. ಬ್ರೇಕ್ ಎಲ್ಲಿ ಹಿಡಿದುಕೊಂಡಿದೆ ಅಂತ ಕಣ್ಣೆದುರು ತೋರಿಸುವ ತನಕ ಒಂದು ಪಾರ್ಟನ್ನೂ ಬದಲಾಯಿಸಲು ಬಿಡಬಾರದು ಅನ್ನುವುದು ನನ್ನ ಹಟ.

ಮಂಡ್ಯದಲ್ಲಿರುವ ನಮ್ಮ ಭಾವನ ಹತ್ತಿರ ಹಳೇ ಮಾರುತಿ ಜೆನ್ ಇದೆ. ಊರೊಳಗೆ ಓಡಾಡುವಾಗ ಏನೂ ತಕರಾರಿಲ್ಲ. ಮೈಸೂರಿಗೆ ಹೊರಟರೆ ಮಾತ್ರ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಪೆಡಲ್ ಗಟ್ಟಿಯಾಗುತ್ತಿತ್ತು. ಕಾಲು ತೆಗೆದರೂ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ ಕಾರು ಓಡುತ್ತಿತ್ತು. ಸರ್ವಿಸ್ ರಸ್ತೆಯಲ್ಲಿ ಬಂದರೆ ಇನ್ನೂ ಬೇಗ, ಅಲ್ಲಿ ಹಂಪ್ ಜಾಸ್ತಿ ಅಲ್ವಾ. ನೆರಳಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸರಿಹೋಗುತ್ತಿತ್ತು.

ಬಿಸಿಯಾದಾಗ ಹಿಡಿಯುವುದು, ತಣ್ಣಗಾದಾಗ ಬಿಡುವುದು. ದೊಡ್ಡ ಸುಳಿವು ಇದೇ. ಮಾಸ್ಟರ್ ಸಿಲಿಂಡರಿನಿಂದ ಮೇಲಿನ ಆಯಿಲ್ ಡಬ್ಬಿಗೆ ಒಂದು ಸಣ್ಣ ತೂತಿದೆ. ಪೆಡಲ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು ಆ ತೂತು ತೆರೆದುಕೊಳ್ಳಬೇಕು. ಬಿಸಿಗೆ ಹಿಗ್ಗಿದ ಬ್ರೇಕ್ ಆಯಿಲ್ ಅಲ್ಲಿಂದ ಡಬ್ಬಿಗೆ ಹೋಗಬೇಕು. ಪಿಸ್ಟನ್ ಕೂದಲೆಳೆಯಷ್ಟು ಮುಂದೆ ನಿಂತರೂ ತೂತು ಮುಚ್ಚಿಯೇ ಇರುತ್ತದೆ. ಹಿಗ್ಗಿದ ಆಯಿಲ್‌ಗೆ ದಾರಿ ಇಲ್ಲ, ಪ್ಯಾಡನ್ನು ಒತ್ತುತ್ತದೆ. ಪ್ಯಾಡ್ ಉಜ್ಜಿ ಇನ್ನಷ್ಟು ಬಿಸಿ, ಆಯಿಲ್ ಇನ್ನಷ್ಟು ಹಿಗ್ಗುತ್ತದೆ. ಯಾರೂ ತುಳಿಯದೆ ಬ್ರೇಕ್ ತಾನೇ ಬಿಗಿಯುತ್ತಾ ಹೋಗುತ್ತದೆ.

ಹುಡುಕುವುದು ಕಷ್ಟವಲ್ಲ. ಬ್ರೇಕ್ ಹಿಡಿದಿರುವಾಗಲೇ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಒಂದೊಂದಾಗಿ ಜಾಕ್ ಹಾಕಿ ಕೈಯಲ್ಲಿ ತಿರುಗಿಸಿ. ಒಂದೇ ಚಕ್ರ ಬಿಗಿ ಇದ್ದರೆ ಮಾಸ್ಟರ್ ಮೇಲೆ ಅನುಮಾನ ಪಡುವ ಮೊದಲು ಆ ಚಕ್ರವನ್ನೇ ನೋಡಿ. ಪ್ಯಾಡನ್ನು ಒತ್ತಿ ಹಿಡಿಯುವ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದಿರಬಹುದು. ರಬ್ಬರ್ ಹೋಸ್ ಪೈಪ್ ಒಳಗೇ ಊದಿಕೊಂಡಿರಬಹುದು. ಹೊರಗೆ ನೋಡಿದರೆ ಚೆನ್ನಾಗಿಯೇ ಇರುತ್ತದೆ, ಆದರೆ ತುಳಿದಾಗ ಹೋದ ಆಯಿಲ್ ವಾಪಸ್ ಬರುವುದಿಲ್ಲ. ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಕೇಬಲ್ಲನ್ನೂ ನೋಡಿ, ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರಿನಲ್ಲಿ ಇದು ಮಾಮೂಲಿ.

ಎಲ್ಲ ಚಕ್ರವೂ ಬಿಗಿ ಇದ್ದರೆ ಮಾತ್ರ ಬಾನೆಟ್ ಕಡೆ ಬನ್ನಿ. ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರಿಗೆ ಮಾಸ್ಟರ್ ಕೂರಿಸಿರುವ ಎರಡು ನಟ್ಟುಗಳನ್ನು ಕೆಲವು ಸುತ್ತು ಸಡಿಲಿಸಿ, ಮಾಸ್ಟರನ್ನು ಸ್ವಲ್ಪ ಮುಂದಕ್ಕೆ ಎಳೆಯಿರಿ. ಚಕ್ರ ಬಿಟ್ಟಿತಾ? ಹಾಗಾದರೆ ಮಾಸ್ಟರ್ ತಪ್ಪಿಲ್ಲ. ಹಿಂದಿನಿಂದ ಏನೋ ಅದನ್ನು ತಳ್ಳಿ ಹಿಡಿದಿದೆ: ಬೂಸ್ಟರಿನ ರಾಡ್, ಇಲ್ಲವೇ ಪೆಡಲ್. ಬಿಡಲಿಲ್ಲವಾ? ಮಾಸ್ಟರಿನಿಂದ ಹೊರಡುವ ಪೈಪ್ ನಟ್ಟು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಆಗ ಮಾಸ್ಟರ್ ಬದಲಾಯಿಸುವ ಮಾತಾಡೋಣ.

ಭಾವನ ಕಾರಿನಲ್ಲಿ ಮೊದಲ ಹೆಜ್ಜೆಗೇ ಚಕ್ರ ತಿರುಗಿತು. ಹಿಂದೆ ಯಾರೋ ಸೆಕೆಂಡ್ ಹ್ಯಾಂಡ್ ಬೂಸ್ಟರ್ ಹಾಕಿದ್ದರು, ಅದರ ರಾಡ್ ಉದ್ದ ಹೊಂದಿಸಿರಲಿಲ್ಲ. ಹೊಸ ಮಾಸ್ಟರ್ ಹಾಕಿದ್ದರೂ ಅದೇ ಕಥೆ ಆಗುತ್ತಿತ್ತು. ರಾಡ್ ಸರಿ ಮಾಡಿದ್ದಕ್ಕೆ ಕೂಲಿ ಬಿಟ್ಟರೆ ಖರ್ಚಿಲ್ಲ.

ಇದಕ್ಕೂ ಮೊದಲು ನೋಡಬೇಕಾದ್ದು ಕಾಲ ಬಳಿಯೇ ಇದೆ. ಮ್ಯಾಟ್ ಮೇಲೆ ಮ್ಯಾಟ್ ಹಾಸಿದವರ ಕಾರಿನಲ್ಲಿ ಪೆಡಲ್ ಮ್ಯಾಟಿಗೇ ಸಿಕ್ಕಿಕೊಂಡಿರುತ್ತದೆ. ಪೆಡಲಿನ ಬುಷ್ ಒಣಗಿ ಬಿಗಿಯಾಗಿರಬಹುದು, ಸ್ಪ್ರಿಂಗ್ ಸೋತಿರಬಹುದು. ಹಿಂದೆ ಒಬ್ಬರನ್ನು ನಿಲ್ಲಿಸಿ, ಕಾಲು ತೆಗೆದ ಮೇಲೂ ಬ್ರೇಕ್ ಲೈಟ್ ಉರಿಯುತ್ತಿದ್ದರೆ ಪೆಡಲ್ ಮೇಲೆ ಬಂದಿಲ್ಲ ಅಂತ ಲೆಕ್ಕ. ಲೈಟಿನ ಸ್ವಿಚ್ಚೇ ಕೆಟ್ಟಿರಲೂಬಹುದು, ಅದನ್ನೂ ನೋಡಿಬಿಡಿ.

ಆಯಿಲ್ ವಿಚಾರ ಬಂದರೆ ನನಗೆ ತಾಳ್ಮೆ ಕಡಿಮೆ. ಬ್ರೇಕ್ ಆಯಿಲ್ ಡಬ್ಬಿಗೆ ಎಂಜಿನ್ ಆಯಿಲ್ಲೋ ಪವರ್ ಸ್ಟಿಯರಿಂಗ್ ಆಯಿಲ್ಲೋ ಸೇರಿತು ಅಂದರೆ ಒಳಗಿನ ರಬ್ಬರೆಲ್ಲ ಊದುತ್ತದೆ. ಪತ್ತೆಗೆ ಡಬ್ಬಿಯ ಮುಚ್ಚಳದ ಕೆಳಗಿನ ರಬ್ಬರ್ ನೋಡಿ. ಅದು ಊದಿ ಸೊಟ್ಟಗಾಗಿದ್ದರೆ ಒಂದು ವಾಷರ್ ಕಿಟ್‌ನಲ್ಲಿ ಮುಗಿಯುವುದಿಲ್ಲ, ಲೈನ್ ಪೂರ್ತಿ ತೊಳೆದು ಎಲ್ಲ ರಬ್ಬರ್ ಬದಲಾಯಿಸಬೇಕು. ಸರಿಯಾದ ಆಯಿಲ್ ಕೂಡ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಟ್ಟ 140 ಡಿಗ್ರಿಗೆ ಇಳಿಯುತ್ತದೆ. ಬ್ರೇಕ್ ಹಿಡಿದುಕೊಂಡಿರುವ ಕಾರಿನಲ್ಲಿ ಚಾಮುಂಡಿ ಬೆಟ್ಟ ಇಳಿಯುವಾಗ ಆ ಬಿಸಿ ತಲುಪಿದರೆ ಆಯಿಲ್ ಕುದ್ದು ಗುಳ್ಳೆಯೆದ್ದು ಪೆಡಲ್ ಒಮ್ಮೆಗೇ ನೆಲಕ್ಕೆ ಹೋಗಬಹುದು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ. ಬೆಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿರಿ.

ಈ ಪರೀಕ್ಷೆಯನ್ನು ಕೈ ಪಳಗಿದವರಿಂದಲೇ ಮಾಡಿಸಿ, ಪಕ್ಕದಲ್ಲಿ ನೀವೂ ನಿಂತಿರಿ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಹಳೇ ಬಟ್ಟೆ ಹಾಸಿ, ಚೆಲ್ಲಿದರೆ ತಕ್ಷಣ ನೀರು ಹಾಕಿ. ಪೈಪ್ ನಟ್ಟು ಬಿಚ್ಚಿದ್ದರೆ ಬ್ರೇಕ್ ಲೈನಿಗೆ ಸೇರಿದ ಏರ್ ಪೂರ್ತಿ ತೆಗೆಸದೆ ಕಾರನ್ನು ಗ್ಯಾರೇಜಿನಿಂದ ಆಚೆ ತರಬೇಡಿ.