ಕೇಸೆಯಿ ಎಂಬ ಭಿಕ್ಷು ಮತ್ತು 108ರ ಲೆಕ್ಕ

'ಶಿಕಾಬಾನೆ ಹಿಮೆ' ಅನ್ನುವ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿ, ನೋಡಿದವರು ಮಾತು ಶುರು ಮಾಡುವುದೇ ಮಕಿನಾ ಹೊಶಿಮುರಾ ಹೆಸರಿನಿಂದ. ಮೈಮೇಲೆ ಶಾಲೆಯ ಯೂನಿಫಾರ್ಮು, ಎರಡೂ ಕೈಯಲ್ಲಿ ಮಷೀನ್ ಗನ್, ಸತ್ತ ಮೇಲೂ ಆರದ ಸಿಟ್ಟು. ಪೋಸ್ಟರಿನ ತುಂಬಾ ಅವಳೇ. ಇರಲಿ, ಅವಳು ನಾಯಕಿ. ಆದರೆ ಆ ಕಥೆಗೆ ಮನುಷ್ಯತ್ವ ಬಂದಿರುವುದು ಕೇಸೆಯಿ ತಗಾಮಿ ಅನ್ನುವ ಭಿಕ್ಷುವಿನಿಂದ ಅನ್ನುವುದು ನನ್ನ ವಾದ. ಕನ್ನಡದಲ್ಲಿ ಅನಿಮೆ ಬಗ್ಗೆ ಬರೆಯುವವರೇ ಕಡಿಮೆ. ಇನ್ನು ಈ ಪುಣ್ಯಾತ್ಮನ ಬಗ್ಗೆ ಯಾರು ಬರೆಯುತ್ತಾರೆ? ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಕಥೆಯ ದೊಡ್ಡ ತಿರುವು ಕೆಳಗೆ ಬರುತ್ತದೆ, ನೋಡದವರು ಇಲ್ಲೇ ನಿಲ್ಲಿಸಿಬಿಡಿ.

ನೋಡಿ ತುಂಬಾ ವರ್ಷ ಆದವರಿಗಾಗಿ ಕಥೆ ಚುಟುಕಾಗಿ. ಆಸೆ ತೀರದೆ ಸತ್ತವರು ಇಲ್ಲಿ ಎದ್ದು ಬರುತ್ತಾರೆ. ಅವರೇ ಶಿಕಾಬಾನೆ. ಬದುಕಿರುವವರನ್ನು ಕೊಲ್ಲುತ್ತಾರೆ. ಅವರನ್ನು ಮಟ್ಟ ಹಾಕಲು ಕೋಗೊನ್ ಅನ್ನುವ ಬೌದ್ಧ ಪಂಥ ಇದೆ. ಆದರೆ ಹೋರಾಡಲು ಭಿಕ್ಷುಗಳು ತಾವೇ ಹೋಗುವುದಿಲ್ಲ. ಸತ್ತ ಹುಡುಗಿಯರನ್ನೇ ಎಬ್ಬಿಸಿ ಕಳಿಸುತ್ತಾರೆ. ಒಬ್ಬೊಬ್ಬ ಹುಡುಗಿಗೂ ಒಬ್ಬ ಭಿಕ್ಷುವಿನ ಜೊತೆ ಒಪ್ಪಂದ. ಅವಳ ಗಾಯ ಮಾಯುವುದು ಅವನ ಜೀವಶಕ್ತಿಯಿಂದ. 108 ಶಿಕಾಬಾನೆಗಳನ್ನು ಕೊಂದರೆ ಅವಳಿಗೆ ಸ್ವರ್ಗ ಅಂತ ಮಾತು ಕೊಟ್ಟಿರುತ್ತಾರೆ. ಮಕಿನಾಳ ಕುಟುಂಬವನ್ನು ಕೊಂದದ್ದು ಶಿಚಿಸೆಯಿ ಅನ್ನುವ ಶಿಕಾಬಾನೆಗಳ ಗುಂಪು. ಅವಳಿಗೆ ಸ್ವರ್ಗಕ್ಕಿಂತ ಸೇಡೇ ದೊಡ್ಡದು. ಅವಳ ಭಿಕ್ಷು ಕೇಸೆಯಿ. ಅನಾಥಾಶ್ರಮದಲ್ಲಿ ಬೆಳೆದ ಓರಿ ಅನ್ನುವ ಹುಡುಗನಿಗೂ ಅವನೇ ಅಣ್ಣ, ಹುಟ್ಟಿನಿಂದ ಅಲ್ಲ, ಸಾಕಿದ್ದರಿಂದ.

108 ಅಂದ ಕೂಡಲೇ ನಮಗೆ ಜಪಮಾಲೆ ನೆನಪಾಗುತ್ತದೆ. ಜಪಾನಿಗರಿಗೆ ಡಿಸೆಂಬರ್ 31ರ ರಾತ್ರಿಯ ಗಂಟೆಯೂ ನೆನಪಾಗುತ್ತದೆ. ಆ ರಾತ್ರಿ ಬೌದ್ಧ ದೇವಾಲಯಗಳಲ್ಲಿ 108 ಸಲ ಗಂಟೆ ಹೊಡೆಯುತ್ತಾರೆ. ಮನುಷ್ಯನ ಮನಸ್ಸಿಗೆ ಅಂಟಿದ ಕ್ಲೇಶಗಳು 108 ಅಂತ ಲೆಕ್ಕ. ಒಂದು ಹೊಡೆತಕ್ಕೆ ಒಂದರಂತೆ ಅವನ್ನು ಕಳೆಯುವುದು. ಕಥೆಗಾರ ಯೊಶಿಇಚಿ ಅಕಾಹಿತೋ ಈ ಲೆಕ್ಕವನ್ನು ತೆಗೆದುಕೊಂಡು ಅದಕ್ಕೆ ರಕ್ತ ಬಳಿದಿದ್ದಾರೆ. ಕ್ಲೇಶ ಕಳೆಯುವ ಬದಲು ಹೆಣ ಉರುಳಿಸುವ ಲೆಕ್ಕ.

ಇದಕ್ಕಿಂತ ಹತ್ತಿರದ ಇನ್ನೊಂದು ಕಥೆ ಜಪಾನಿನಲ್ಲೇ ಇದೆ. ಕೇಸೆಯಿ ಎಲ್ಲಿಂದ ಬಂದ ಅಂತ ನನಗೆ ಗೊತ್ತಾಗಿದ್ದು ಆ ಕಥೆ ಓದಿದ ಮೇಲೆ. ಚಿಕ್ಕ ವಯಸ್ಸಿನಲ್ಲೇ ಸತ್ತ ಮಕ್ಕಳು ಆಚೆ ಲೋಕಕ್ಕೆ ದಾಟಲಾಗದೆ ಸಾಯ್ ನೊ ಕವಾರಾ ಅನ್ನುವ ನದಿ ದಂಡೆಯಲ್ಲಿ ಉಳಿದುಬಿಡುತ್ತಾರಂತೆ. ಅಪ್ಪ ಅಮ್ಮನಿಗೆ ದುಃಖ ಕೊಟ್ಟು ಸತ್ತರಲ್ಲ, ಅದೇ ಅವರ ಪಾಪ. ಪುಣ್ಯ ಗಳಿಸಲು ಅಲ್ಲಿ ಕಲ್ಲಿನ ಮೇಲೆ ಕಲ್ಲು ಇಟ್ಟು ಗೋಪುರ ಕಟ್ಟಬೇಕು. ಕಟ್ಟುತ್ತಿದ್ದಂತೆ ರಾಕ್ಷಸರು ಬಂದು ಕೆಡವುತ್ತಾರೆ. ಮತ್ತೆ ಮೊದಲಿನಿಂದ. ಆಗ ಬರುವವನು ಜಿಜೋ. ನಮ್ಮ ಕಡೆಯ ಹೆಸರು ಕ್ಷಿತಿಗರ್ಭ ಬೋಧಿಸತ್ವ. ಅವನು ಮಕ್ಕಳನ್ನು ತನ್ನ ಅಂಗಿಯ ದೊಡ್ಡ ತೋಳಿನೊಳಗೆ ಬಚ್ಚಿಟ್ಟುಕೊಳ್ಳುತ್ತಾನೆ.

ಬೇರೆ ಬೋಧಿಸತ್ವರಿಗೆ ಕಿರೀಟ, ಆಭರಣ. ಜಿಜೋ ಮಾತ್ರ ತಲೆ ಬೋಳಿಸಿದ, ಕೈಯಲ್ಲಿ ಕೋಲು ಹಿಡಿದ ಸಾದಾ ಭಿಕ್ಷು. ನರಕ ಖಾಲಿಯಾಗುವವರೆಗೆ ತಾನು ಬುದ್ಧನಾಗುವುದಿಲ್ಲ ಅಂತ ಪ್ರತಿಜ್ಞೆ ಮಾಡಿದವನು. ಜಪಾನಿನ ರಸ್ತೆ ಬದಿಯಲ್ಲಿ, ಸ್ಮಶಾನದಲ್ಲಿ ಕೆಂಪು ಬಟ್ಟೆ ಕಟ್ಟಿಸಿಕೊಂಡು ನಿಂತಿರುವ ಪುಟ್ಟ ಕಲ್ಲಿನ ಮೂರ್ತಿಗಳು ಅವನವೇ. ಟೋಕಿಯೋದ ಜೋಜೋಜಿ ದೇವಾಲಯದಲ್ಲಿ ಸಾಲು ಸಾಲು ಜಿಜೋಗಳಿದ್ದಾರೆ. ಹುಟ್ಟುವ ಮೊದಲೇ ಹೋದ ಮಕ್ಕಳಿಗಾಗಿ ಅಪ್ಪ ಅಮ್ಮಂದಿರು ಅಲ್ಲಿ ಗಿರಗಿಟ್ಟಲೆ ಸಿಕ್ಕಿಸಿ ಹೋಗುತ್ತಾರೆ.

ಈಗ ಮಕಿನಾಳನ್ನು ನೋಡಿ. ಚಿಕ್ಕ ವಯಸ್ಸಿಗೇ ಸತ್ತವಳು. ಒಂದು ಕೊಲೆ, ಎರಡು ಕೊಲೆ ಅಂತ ಲೆಕ್ಕ ಇಡುತ್ತಾ 108ರ ಗೋಪುರ ಕಟ್ಟುತ್ತಿದ್ದಾಳೆ. ನದಿ ದಂಡೆಯ ಮಗುವೇ ಅಲ್ವಾ? ಪಕ್ಕದಲ್ಲೇ ಒಬ್ಬ ಭಿಕ್ಷು. ಈ ಹೋಲಿಕೆ ಕಥೆಗಾರರ ಮನಸ್ಸಿನಲ್ಲಿ ಇತ್ತೋ ಇಲ್ಲವೋ, ನನಗಂತೂ ಒಮ್ಮೆ ಕಂಡ ಮೇಲೆ ಮತ್ತೆ ಮರೆಯಾಗಲಿಲ್ಲ. ಸತ್ತ ಹುಡುಗಿ ಒಂದು ಕಡೆ, ಅನಾಥಾಶ್ರಮದ ಹುಡುಗ ಇನ್ನೊಂದು ಕಡೆ. ಕೇಸೆಯಿ ಇಬ್ಬರನ್ನೂ ತೋಳಿನೊಳಗೆ ಎಳೆದುಕೊಳ್ಳಲು ನೋಡುತ್ತಾನೆ. ತೋಳು ಸಾಲುವುದಿಲ್ಲ, ಅದು ಬೇರೆ ಮಾತು.

ಭಿಕ್ಷು ಅಂದರೆ ಗುಹೆಯಲ್ಲಿ ಕೂತು ಧ್ಯಾನ ಮಾಡುವವನು ಅಂತ ನಮ್ಮಲ್ಲಿ ಒಂದು ಚಿತ್ರ ಇದೆ. ಜಪಾನಿನಲ್ಲಿ ಹಾಗಿಲ್ಲ. 17ನೇ ಶತಮಾನದಲ್ಲಿ ತೊಕುಗಾವಾ ಸರ್ಕಾರ ಕ್ರೈಸ್ತ ಮತವನ್ನು ಹತ್ತಿಕ್ಕಲು ಪ್ರತಿ ಮನೆತನವೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ನೋಂದಾಯಿಸಬೇಕು ಅಂತ ಕಟ್ಟಳೆ ಮಾಡಿತು. ಮನೆಯವರ ಶವಸಂಸ್ಕಾರ, ಸಮಾಧಿ, ವರ್ಷದ ಕಾರ್ಯ ಎಲ್ಲಾ ಆ ದೇವಾಲಯದ್ದೇ ಆಯಿತು. ಇವತ್ತಿಗೂ ಸಾಮಾನ್ಯ ಜಪಾನಿಗನಿಗೆ ಭಿಕ್ಷು ಜಾಸ್ತಿ ಕಾಣುವುದು ಸಾವಿನ ಮನೆಯಲ್ಲಿ. 1872ರಲ್ಲಿ ಮೇಯ್‌ಜಿ ಸರ್ಕಾರ ಭಿಕ್ಷುಗಳು ಮದುವೆಯಾಗಬಹುದು, ಮಾಂಸ ತಿನ್ನಬಹುದು, ಕೂದಲು ಬಿಡಬಹುದು ಅಂತ ಹೇಳಿತು. ಹಾಗಾಗಿ ಕೇಸೆಯಿ ಸಲಿಗೆಯಿಂದ ಓಡಾಡಿಕೊಂಡಿರುವ ಮನುಷ್ಯನಾಗಿದ್ದರೆ ಅದು ಅನಿಮೆಯವರು ಸುಮ್ನೆ ಸೇರಿಸಿದ ತಮಾಷೆ ಅಲ್ಲ. ಹೆಣದ ಪಕ್ಕ ಕೂರುವುದು ಅವನ ಕಸುಬು. ಬೇರೆಯವರಿಗೆ ಸಂಸ್ಕಾರ ಮುಗಿದ ಮೇಲೆ ಕೆಲಸ ಮುಗಿಯುತ್ತದೆ, ಇವನಿಗೆ ಮುಗಿಯುವುದಿಲ್ಲ, ಅಷ್ಟೇ.

ಕೋಗೊನ್ ಪಂಥ ಕಾಲ್ಪನಿಕ. ಆದರೂ ಅದರ ಮಂತ್ರ, ಮುದ್ರೆ, ಗುಟ್ಟಿನ ದೀಕ್ಷೆ ಎಲ್ಲಾ ಶಿಂಗೊನ್ ಪಂಥವನ್ನು ನೆನಪಿಸುತ್ತವೆ. ಕೂಕಾಯ್ 9ನೇ ಶತಮಾನದಲ್ಲಿ ಕೋಯಾ ಬೆಟ್ಟದಲ್ಲಿ ನೆಲೆಗೊಳಿಸಿದ ಪಂಥ ಅದು. 13ನೇ ಶತಮಾನದಲ್ಲಿ ಮ್ಯೋಎ ಅನ್ನುವ ಭಿಕ್ಷು 'ಬೆಳಕಿನ ಮಂತ್ರ'ದಿಂದ ಮಂತ್ರಿಸಿದ ಮರಳನ್ನು ಹೆಣದ ಮೇಲೆ, ಸಮಾಧಿಯ ಮೇಲೆ ಚಿಮುಕಿಸುವ ಪದ್ಧತಿಯನ್ನು ಜನರಿಗೆ ತಲುಪಿಸಿದ. ಎಂಥ ಪಾಪಿ ಸತ್ತರೂ ಆ ಮರಳು ತಾಗಿದರೆ ಒಳ್ಳೆಯ ಗತಿ ಅನ್ನುವ ನಂಬಿಕೆ. ಅಲ್ಲಿ ಸತ್ತವನು ಏನೂ ಮಾಡಬೇಕಿಲ್ಲ, ಗಮನಿಸಿ. ಕೋಗೊನ್ ಪಂಥ ಇದನ್ನು ತಲೆಕೆಳಗು ಮಾಡಿದೆ. ಸತ್ತವಳೇ ದುಡಿದು ತೀರಿಸಬೇಕು. ಮೇಲಿಂದ ಪಂಥದ ಎಷ್ಟೋ ಭಿಕ್ಷುಗಳಿಗೆ ಈ ಹುಡುಗಿಯರು ಮೈಲಿಗೆಯ ಹೆಣಗಳು, ಆಯುಧಗಳು. ದುಡಿಸಿಕೊಳ್ಳಲು ಮಾತ್ರ ಮಡಿ ಅಡ್ಡ ಬರುವುದಿಲ್ಲ ನೋಡಿ!

ಇಂಥ ಪಂಥದ ಒಳಗೆ ಇದ್ದುಕೊಂಡೇ ಕೇಸೆಯಿ ಮಕಿನಾಳನ್ನು ಹುಡುಗಿ ಅಂತ ನೋಡುತ್ತಾನೆ. ಆಯುಧಕ್ಕೆ ಎಣ್ಣೆ ಹಾಕುವ ಹಾಗೆ ಅವಳಿಗೆ ಶಕ್ತಿ ತುಂಬಿ ಕಳಿಸುವುದಿಲ್ಲ. ಅವಳಿಗೆ ನೋವಾಗುತ್ತದೆ ಅಂತ ಅವನಿಗೆ ನೆನಪಿರುತ್ತದೆ. ಅವಳು ಸಿಡುಕಿದರೆ ಉಪದೇಶ ಮಾಡುವುದಿಲ್ಲ. ಸೇಡು ಬಿಡು, ಕ್ಷಮಿಸು ಅನ್ನುವ ಪ್ರವಚನ ಕೊಟ್ಟಿದ್ದರೆ ನಾನು ಅಲ್ಲೇ ಟಿವಿ ಆರಿಸುತ್ತಿದ್ದೆ.

ಅವನನ್ನು ಹೊಗಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಹಾಗೆ ಬಿಡಲು ಮನಸ್ಸಿಲ್ಲ. ಈ ಹುಡುಗಿಯನ್ನು ಯುದ್ಧಕ್ಕೆ ಕಳಿಸುವವನೂ ಅವನೇ ತಾನೆ? ವ್ಯವಸ್ಥೆ ತಪ್ಪು ಅಂತ ಮನಸ್ಸಿಗೆ ಅನ್ನಿಸಿದರೂ ಅದರ ಬಾಗಿಲು ದಾಟಿ ಹೊರಗೆ ಬರುವುದಿಲ್ಲ. ಓರಿಯ ವಿಷಯದಲ್ಲಂತೂ ಅವನು ಎಲ್ಲವನ್ನೂ ಮುಚ್ಚಿಟ್ಟ. ಹುಡುಗನಿಗೆ ಸಾವಿನ ಕಡೆ ಒಂದು ಸೆಳೆತ ಇದೆ, ಅದು ಅಣ್ಣನಿಗೆ ಗೊತ್ತು. ಗೊತ್ತಿದ್ದೂ ಹೇಳಲಿಲ್ಲ. ಕಾಪಾಡಬೇಕು ಅನ್ನುವ ಆಸೆಯಿಂದಲೇ ಮುಚ್ಚಿಟ್ಟಿದ್ದು, ಒಪ್ಪುತ್ತೇನೆ. ಆದರೆ ಹಿರಿಯರು ಪ್ರೀತಿಯಿಂದ ಮುಚ್ಚಿಟ್ಟದ್ದು ಕಿರಿಯರ ತಲೆಯ ಮೇಲೆ ಒಂದೇ ಸಲ ಬೀಳುತ್ತದೆ. ಓರಿಗೆ ಹಾಗೇ ಆಯಿತು. ತಮ್ಮನಿಗೆ ಮೊದಲೇ ಒಂದೆರಡು ಮಾತು ಹೇಳಿದ್ದರೆ ಮುಂದಿನ ಎಷ್ಟೋ ಗೋಳು ತಪ್ಪುತ್ತಿತ್ತು. ಹಾಗಾಗಿದ್ದರೆ ಅನಿಮೆಯೇ ಇರುತ್ತಿರಲಿಲ್ಲ ಅನ್ನಬೇಡಿ, ಅದು ಗೊತ್ತು.

ಅವನ ಕೈಯಲ್ಲಿ ಇಷ್ಟೊಂದು ಹಿಂಸೆ ನಡೆಯುತ್ತದೆ, ಇವನೆಂಥಾ ಕರುಣಾಮಯಿ ಅಂತ ಕೆಲವರು ವಾದ ಮಾಡುತ್ತಾರೆ. ಶಿಂಗೊನ್ ದೇವಾಲಯದ ಒಳಗೆ ಹೋದರೆ ಇದಕ್ಕೆ ಅರ್ಧ ಉತ್ತರ ಸಿಗುತ್ತದೆ. ಅಲ್ಲಿ ಫುದೋ ಮ್ಯೋಓ ಇದ್ದಾನೆ, ಅಂದರೆ ಅಚಲನಾಥ. ಬೆನ್ನ ಹಿಂದೆ ಬೆಂಕಿ, ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಹಗ್ಗ, ಮುಖ ಗಂಟು. ವೈರೋಚನ ಬುದ್ಧನೇ ಈ ರೂಪ ತಾಳಿದ್ದಾನೆ ಅನ್ನುತ್ತಾರೆ. ದಾರಿ ತಪ್ಪಿದವರನ್ನು ಹಗ್ಗ ಹಾಕಿ ಎಳೆದು ತರುವ ಕರುಣೆ ಅದು. ಇನ್ನರ್ಧ ಪ್ರಶ್ನೆ ಹಾಗೇ ಉಳಿಯುತ್ತದೆ, ಉಳಿಯಲಿ. ಕತ್ತಿ ಅಚಲನಾಥನ ಕೈಯಲ್ಲೇ ಇದೆ. ಕೇಸೆಯಿಯ ಕತ್ತಿ ಮಕಿನಾಳ ಕೈಯಲ್ಲಿದೆ. ಗಾಯ ಆಗುವುದು ಅವಳಿಗೆ.

2008ರ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಬಂದ ಮೊದಲ ಭಾಗ 'ಅಕಾ'ದ ಕೊನೆಯಲ್ಲಿ ಕೇಸೆಯಿ ಸಾಯುತ್ತಾನೆ. ಒಪ್ಪಂದ ಓರಿಯ ಕೈಗೆ ಬರುತ್ತದೆ. ಗುರು ಸತ್ತು ಶಿಷ್ಯ ಎದ್ದು ನಿಲ್ಲುವುದು ಹಳೇ ಸೂತ್ರ. ಆದರೆ ಇಲ್ಲಿ ಶಿಷ್ಯ ಎದ್ದು ನಿಲ್ಲುವುದಿಲ್ಲ, ತಡವರಿಸುತ್ತಾನೆ. ಮಕಿನಾಗೆ ಇವನು ಬೇಡ, ಅವನೇ ಬೇಕು. ಓರಿಗೆ ದೀಕ್ಷೆ ಇಲ್ಲ, ತರಬೇತಿ ಇಲ್ಲ, ಅಣ್ಣ ಏನು ಮಾಡುತ್ತಿದ್ದ ಅನ್ನುವುದೂ ಪೂರ್ತಿ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಅಣ್ಣ ತನ್ನ ಜೊತೆ ಹೇಗಿದ್ದ ಅನ್ನುವುದು ಮಾತ್ರ. ಅದನ್ನೇ ಇಟ್ಟುಕೊಂಡು ಅವಳ ಪಕ್ಕ ನಿಲ್ಲಲು ನೋಡುತ್ತಾನೆ. ನನಗೆ ಇಡೀ ಸರಣಿಯಲ್ಲಿ ಹೆಚ್ಚು ಇಷ್ಟವಾದ ವಿಷಯ ಇದು. ಕೇಸೆಯಿ ತಮ್ಮನಿಗೆ ಭಿಕ್ಷುವಿನ ವಿದ್ಯೆ ಒಂದಕ್ಷರ ಕಲಿಸಲಿಲ್ಲ, ಆದರೂ ತಮ್ಮ ಕಲಿತಿದ್ದ.

2009ರ ಜನವರಿಯಲ್ಲಿ ಶುರುವಾದ 'ಕುರೋ' ಭಾಗ ಮೊದಲಿನಷ್ಟು ಚೆನ್ನಾಗಿಲ್ಲ, ಓರಿ ಅಳುಮುಂಜಿ ಅಂತ ಬೈಯುವವರು ತುಂಬಾ ಜನ. ಅಣ್ಣನನ್ನು ಕಳೆದುಕೊಂಡ ಹುಡುಗ ಮತ್ತೆ ಹೇಗಿರಬೇಕಿತ್ತು? ಆ ಭಾಗದ ನಿಜವಾದ ತೊಂದರೆ ಬೇರೆ. ಈ ಅನಿಮೆಗೆ ಮೂಲವಾದ ಮಂಗಾ, ಅಂದರೆ ಜಪಾನಿ ಕಾಮಿಕ್ಸ್, 2005ರಲ್ಲಿ ಶುರುವಾಗಿ 2014ರವರೆಗೆ ನಡೆಯಿತು, 23 ಸಂಪುಟ. ಅನಿಮೆ 2009ರ ಮಾರ್ಚಿಗೇ ಮುಗಿಯಬೇಕಿತ್ತು, ಮೂಲ ಕಥೆ ಅರ್ಧ ದಾರಿಯಲ್ಲಿದ್ದಾಗಲೇ. ಹಾಗಾಗಿ ಕೊನೆಯ ಕಂತುಗಳಲ್ಲಿ ಓಟವೋ ಓಟ. ಹೊಡೆದಾಟಕ್ಕೆ ಅಷ್ಟು ಜಾಗ ಕೊಟ್ಟವರು ಮಕಿನಾ ಮತ್ತು ಓರಿ ಇಬ್ಬರೇ ಕೂತು ಕೇಸೆಯಿ ಬಗ್ಗೆ ಮಾತಾಡುವ ಒಂದು ಇಡೀ ಕಂತು ಮಾಡಿದ್ದರೆ ನಾನು ಆ ಅವಸರವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ.