ಚೆಕ್‌ಡಿಸ್ಕ್‌ಗೂ ಮೊದಲು ಒಂದು ಕಾಪಿ ತೆಗೆಯಿರಿ

ಹಳೆ ಕಂಪ್ಯೂಟರ್‌ನಲ್ಲಿ ಪಾರ್ಟಿಷನ್ (ಸಿ, ಡಿ ಡ್ರೈವ್‌ಗಳಂತೆ ಡಿಸ್ಕಿನ ಒಂದು ಭಾಗ) ಕಾಣದೆ ಹೋದರೆ ಮೊದಲು ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕುವ ವಿಂಡೋಸ್ ಟೂಲ್) ಓಡಿಸಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ದಯವಿಟ್ಟು ಆ ಸಾಲು ಬದಲಾಯಿಸಿ. ರಿಪೇರಿ ಆಯ್ಕೆ ಕೊಟ್ಟರೆ ಅದು ಡಿಸ್ಕ್ ಮೇಲೆ ಬರೆಯುತ್ತದೆ. ಯಾವ ಪಾರ್ಟಿಷನ್ ಎಲ್ಲಿದೆ ಎಂದು ಹೇಳುವ ಪಾರ್ಟಿಷನ್ ಟೇಬಲ್ಲೇ ತಪ್ಪಿದ್ದಾಗ ಹಾಗೆ ಬರೆದರೆ ಉಳಿದಿದ್ದ ಫೈಲೂ ಕೈತಪ್ಪಬಹುದು ಅಲ್ವಾ?

ಹಳೆ ಸಿಸ್ಟಮ್‌ಗಳಲ್ಲಿ ಈ ಟೇಬಲ್ ಇರುವುದು ಡಿಸ್ಕಿನ ಮೊದಲ ಸೆಕ್ಟರ್‌ನಲ್ಲಿ, ಅಂದರೆ ಮೊದಲ ಪುಟ್ಟ ತುಣುಕಿನಲ್ಲಿ. ಅಲ್ಲಿನ 512 ಬೈಟ್‌ನಲ್ಲಿ ಅದಕ್ಕೆ ಸಿಕ್ಕಿರುವುದು ಬರೀ 64 ಬೈಟ್, ನಾಲ್ಕು ಪಾರ್ಟಿಷನ್‌ಗೆ ತಲಾ 16. ಅಷ್ಟು ಕೆಟ್ಟರೂ ಸಾಕು, ಇಡೀ ಡಿಸ್ಕ್ ಖಾಲಿಯಾದಂತೆ ಕಾಣುತ್ತದೆ. ಫೈಲ್‌ಗಳು ಮಾತ್ರ ಇದ್ದಲ್ಲೇ ಇರುತ್ತವೆ! ಆಗ ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಸುಮ್ನೆ ಒಪ್ಪಿಬಿಡಬೇಡಿ.

ನಾನು ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್ ನಕಲಿಸುವ ಡಿಡಿರೆಸ್ಕ್ಯೂ ಟೂಲ್ ಬಳಸಿ ಬೇರೆ ಡಿಸ್ಕ್‌ಗೆ ಪೂರ್ತಿ ಇಮೇಜ್ (ಇಡೀ ಡಿಸ್ಕಿನ ಪಡಿಯಚ್ಚು) ತೆಗೆಯುತ್ತೇನೆ. ಆಮೇಲೆ ಕಳೆದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್ ಓಡಿಸುವುದು ಆ ಇಮೇಜ್ ಮೇಲೆ. ಕಳೆದುಹೋದ ಪಾರ್ಟಿಷನ್ ತೋರಿಸಿದಾಗ ‘ಪಿ’ ಒತ್ತಿ ಫೈಲ್ ಪಟ್ಟಿ ನೋಡಿ. ಹೆಸರುಗಳು ಸರಿಯಾಗಿ ಕಂಡರೆ ಮಾತ್ರ ‘ರೈಟ್’ (Write, ಟೇಬಲ್ ಬರೆಯುವ ಆಯ್ಕೆ) ಕೊಡಿ. ಇಮೇಜ್ ತೆಗೆಯಲು ಗಂಟೆಗಟ್ಟಲೆ ಹಿಡಿಯಬಹುದು, ಹಿಡಿಯಲಿ.

ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಇದ್ಯಾವುದೂ ಬೇಡ. ತಕ್ಷಣ ಪವರ್ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡಿದಷ್ಟೂ ಹಾನಿ ಜಾಸ್ತಿ.