ಹನ್ನೊಂದು ವರ್ಷದ ಮೊಳಕೆ

ಕೆನಡಾದ ಟೊರಾಂಟೊದಲ್ಲಿ ನನಗೆ ಪರಿಚಯದ ಹುಡುಗನೊಬ್ಬ ಬಟ್ಟೆ ವಿನ್ಯಾಸ ಮಾಡುತ್ತಾನೆ. ಹುಡುಗ ಅಂದೆ, ವಯಸ್ಸು ಮೂವತ್ತೆಂಟು. ಕಿವಿಯ ಪಕ್ಕ ನರೆ ಬಂದಿದೆ. ಹನ್ನೊಂದು ವರ್ಷದಿಂದ ಪ್ರತಿ ಆಹ್ವಾನಪತ್ರದಲ್ಲೂ ಅವನ ಹೆಸರಿನ ಹಿಂದೆ ‘ಉದಯೋನ್ಮುಖ’ ಅಂತ ಇರುತ್ತದೆ. ಆ ಸೂರ್ಯ ಕೂಡ ಹುಟ್ಟೋದಕ್ಕೆ ಇಷ್ಟು ಹೊತ್ತು ತಗೊಳ್ಳುವುದಿಲ್ಲ. ಐವತ್ತು ದಾಟಿದ ಮೇಲೂ ‘ಯುವ ನಾಯಕ’ ಅಂತ ಫ್ಲೆಕ್ಸ್ ಹಾಕಿಸಿಕೊಳ್ಳುವವರನ್ನು ನೋಡಿ ಬೆಳೆದವನು ನಾನು. ಅವರಾದರೂ ಕೈಯಿಂದ ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಾರೆ. ಇವನಿಗೆ ಬಿಟ್ಟಿ.

ಹಾಗಾದರೆ ಪೂರ್ತಿ ಉದಯ ಆಗುವುದು ಯಾವಾಗ? ಅದು ಬಹಳ ಸುಲಭ. ಪಿಯರ್ಸನ್ ವಿಮಾನ ನಿಲ್ದಾಣಕ್ಕೆ ಹೋಗಬೇಕು. ಒಂದು ಕಡೆಯ ಟಿಕೆಟ್ ಸಾಕು.

ವಿನ್ಯಾಸಕಾರ ಎರ್ಡೆಮ್ ಮೊರಾಲಿಯೋಗ್ಲು ಹುಟ್ಟಿದ್ದು ಮಾಂಟ್ರಿಯಲ್‌ನಲ್ಲಿ, ಮೊದಲು ಓದಿದ್ದು ಟೊರಾಂಟೊದಲ್ಲಿ. ಲಂಡನ್‌ಗೆ ಹೋಗಿ 2005ರಲ್ಲಿ ತಮ್ಮ ಹೆಸರಿನ ಬ್ರ್ಯಾಂಡ್ ಶುರು ಮಾಡಿದರು. ಈಗ ಕೆನಡಾದವರಿಗೆ ಅವರು ‘ನಮ್ಮ ಎರ್ಡೆಮ್’. ಥಾಮಸ್ ಟೇಟ್ ಕೂಡ ಮಾಂಟ್ರಿಯಲ್‌ನವರೇ, ಬ್ರ್ಯಾಂಡ್ ಕಟ್ಟಿದ್ದು ಮಾತ್ರ ಲಂಡನ್‌ನಲ್ಲಿ. 2014ರಲ್ಲಿ ಫ್ರಾನ್ಸಿನ ದೊಡ್ಡ ಫ್ಯಾಷನ್ ಕಂಪನಿ ಎಲ್‌ವಿಎಂಎಚ್‌ನ ಪ್ರಶಸ್ತಿ ಶುರುವಾದಾಗ ಮೊದಲ ವಿಜೇತರು ಅವರು, ಜೊತೆಗೆ 3 ಲಕ್ಷ ಯೂರೊ. ಮಾರನೇ ದಿನದಿಂದ ‘ನಮ್ಮ ಥಾಮಸ್’. ಜೇಸನ್ ವು ತೈವಾನಿನಲ್ಲಿ ಹುಟ್ಟಿ, ವ್ಯಾಂಕೂವರ್‌ನಲ್ಲಿ ಬೆಳೆದು, ನ್ಯೂಯಾರ್ಕ್‌ನಲ್ಲಿ ಹೆಸರು ಮಾಡಿದರು. 2009ರಲ್ಲಿ ಮಿಶೆಲ್ ಒಬಾಮಾ ಈ ವು ವಿನ್ಯಾಸದ ಗೌನು ಉಟ್ಟು ಟಿವಿಯಲ್ಲಿ ಕಾಣಿಸಿಕೊಂಡರು ನೋಡಿ, ವ್ಯಾಂಕೂವರ್‌ಗೆ ತಟ್ಟನೆ ನೆನಪು ಬಂತು. ಇನ್ನು ಡೀನ್ ಮತ್ತು ಡ್ಯಾನ್ ಕೇಟನ್ ಅವಳಿಗಳು ಟೊರಾಂಟೊದ ಹುಡುಗರು. ಮಿಲಾನ್‌ಗೆ ಹೋಗಿ, ಕೆನಡಾದ ಮರ ಕಡಿಯುವವರು ಹಾಕುವಂಥ ಚೌಕುಳಿ ಅಂಗಿಯನ್ನೇ ಇಟಲಿಯವರಿಗೆ ಯೂರೊ ಲೆಕ್ಕದಲ್ಲಿ ಮಾರಿದರು. ಅದೇ ಅಂಗಿಯನ್ನು ಟೊರಾಂಟೊದಲ್ಲಿ ಮಾರಲು ಹೊರಟಿದ್ದರೆ ಇವತ್ತಿಗೂ ಉದಯೋನ್ಮುಖರೇ.

ಹಿತ್ತಲ ಗಿಡ ಮದ್ದಲ್ಲ ಅಂತ ನಾವು ಗಾದೆ ಮಾಡಿ ಸುಮ್ಮನಾದೆವು. ಕೆನಡಾದವರು ಗಿಡವನ್ನೇ ಕಿತ್ತು ಲಂಡನ್‌ಗೆ ಕಳಿಸಿ, ಅಲ್ಲಿಂದ ಬಾಟಲಿಯಲ್ಲಿ ವಾಪಸ್ ತರಿಸಿಕೊಳ್ಳುತ್ತಾರೆ.

ಬಟ್ಟೆಗೆ ‘ಮೇಡ್ ಇನ್ ಕೆನಡಾ’ ಚೀಟಿ ಹೊಲಿಯಬೇಕಾದರೆ ನೇರ ಖರ್ಚಿನಲ್ಲಿ ಕನಿಷ್ಠ ಶೇ 51 ಕೆನಡಾದಲ್ಲೇ ಆಗಿರಬೇಕು ಅನ್ನುವ ಲೆಕ್ಕ ಇದೆ. ವಿನ್ಯಾಸಕಾರನಿಗೆ ಅಂಥ ಲೆಕ್ಕವಿಲ್ಲ. ಅವನ ಅಂಗಡಿ, ಕಾರ್ಖಾನೆ, ಗಿರಾಕಿ ಎಲ್ಲವೂ ಹೊರಗಿದ್ದರೂ ಅವನು ನೂರಕ್ಕೆ ನೂರು ಕೆನಡಾದವನು. ಊರಲ್ಲೇ ಉಳಿದವನಿಗೆ ಮಾತ್ರ ಇನ್ನೂ ಪರಿಶೀಲನೆ ನಡೆಯುತ್ತಿದೆ.

ಇದನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡವರು ಕಾಲೇಜಿನವರು. ಹಿಂದೆ ರೈರ್ಸನ್ ಆಗಿದ್ದ, ಈಗ ಟೊರಾಂಟೊ ಮೆಟ್ರೊಪಾಲಿಟನ್ ಅನ್ನುವ ವಿಶ್ವವಿದ್ಯಾಲಯದಲ್ಲಿ ಫ್ಯಾಷನ್ ಓದಿದ ಮಕ್ಕಳು ಕೊನೆಯ ವರ್ಷ ಒಂದು ದೊಡ್ಡ ಪ್ರದರ್ಶನ ಮಾಡುತ್ತಾರೆ. ಅದರ ಹೆಸರು ‘ಮಾಸ್ ಎಕ್ಸೋಡಸ್’. ಅಂದರೆ, ಎಲ್ಲರೂ ಒಟ್ಟಿಗೆ ಗಂಟುಮೂಟೆ ಕಟ್ಟಿ ಊರು ಬಿಡೋದು. ಇಷ್ಟು ಪ್ರಾಮಾಣಿಕವಾದ ಘಟಿಕೋತ್ಸವ ನಾನು ಬೇರೆಲ್ಲೂ ಕಂಡಿಲ್ಲ.

ಉಳಿದುಕೊಂಡವರಿಗೆ ಅಂತ ಟೊರಾಂಟೊದಲ್ಲೇ ಫ್ಯಾಷನ್ ವೀಕ್ ಇತ್ತು, ಅಂಗಡಿಯವರಿಗೆ ಹೊಸ ಬಟ್ಟೆ ತೋರಿಸುವ ವಾರ. 1999ರಲ್ಲಿ ಶುರುವಾದದ್ದು. ಒಂದು ಕಾಲಕ್ಕೆ ಅದಕ್ಕೆ ಲಿಪ್‌ಸ್ಟಿಕ್ ಕಂಪನಿಯ ಹೆಸರಿತ್ತು, ಲೋರಿಯಲ್ ಫ್ಯಾಷನ್ ವೀಕ್. ಆಮೇಲೆ ಫ್ರಿಜ್ ಕಂಪನಿಯ ಹೆಸರು ಬಂತು, ಎಲ್‌ಜಿ ಫ್ಯಾಷನ್ ವೀಕ್. ಕೊನೆಗೆ ಸಾಲದ ಕಾರ್ಡಿನ ಸರದಿ, ವರ್ಲ್ಡ್ ಮಾಸ್ಟರ್‌ಕಾರ್ಡ್ ಫ್ಯಾಷನ್ ವೀಕ್. ನಮ್ಮ ಗಣೇಶನ ಪೆಂಡಾಲಿನಲ್ಲಿ ಗಣೇಶನಿಗಿಂತ ಜ್ಯುವೆಲ್ಲರಿ ಅಂಗಡಿಯ ಬ್ಯಾನರ್ ದೊಡ್ಡದಿರುತ್ತೆ ಅಲ್ವಾ, ಹಾಗೆ. ಆದರೂ ಆ ಮೂರನೇ ಹೆಸರು ಸತ್ಯಕ್ಕೆ ಹತ್ತಿರ. ಹುಡುಗರು ಬಟ್ಟೆ ಹೊಲಿಸಿದ್ದು ಅದರಿಂದಲೇ ಅಲ್ವಾ.

ಒಂದೇ ಒಂದು ತೊಡಕು. ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್ ಎಲ್ಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ ಬೇಸಿಗೆ ಬಟ್ಟೆ ತೋರಿಸಲು ಟೊರಾಂಟೊದ ಪಾಳಿ ಬರುತ್ತಿತ್ತು. ಅಷ್ಟರಲ್ಲಿ ಅಂಗಡಿಗಳ ಖರೀದಿದಾರರು ಕೈಯಲ್ಲಿದ್ದ ದುಡ್ಡನ್ನೆಲ್ಲ ಪ್ಯಾರಿಸ್‌ನಲ್ಲಿ ಸುರಿದು ಬಂದಿರುತ್ತಿದ್ದರು. ಮೂರನೇ ಪಂಕ್ತಿ ಎದ್ದು ಕೈತೊಳೆದ ಮೇಲೆ ಎಲೆ ಹಾಸಿ, ಬನ್ನಿ ಬನ್ನಿ ಅಂತ ಕರೆದ ಹಾಗೆ. ಅವರು ಬರುತ್ತಿದ್ದರು, ಪಾಪ. ಮುಂದಿನ ಸಾಲಿನಲ್ಲಿ ಕೂತು, ಎಲೆ ಚೆನ್ನಾಗಿದೆ ಅಂತ ಹೇಳಿ ಹೋಗುತ್ತಿದ್ದರು. 2016ರ ಜುಲೈಯಲ್ಲಿ ಆಗಿನ ಮಾಲೀಕರು, ಸ್ಥಳೀಯವಾಗಿ ದುಡ್ಡು ಹುಟ್ಟುತ್ತಿಲ್ಲ ಅಂತ ಹೇಳಿ ಅಂಗಡಿ ಮುಚ್ಚಿದರು. 2017ರಲ್ಲಿ ಬೇರೆಯವರು ಮತ್ತೆ ದೀಪ ಹಚ್ಚಿದರು. 2020ರ ಜನವರಿಯಲ್ಲಿ ಅದೂ ಆರಿತು. ಫ್ಯಾಷನ್ ವೀಕ್ ಕೂಡ ಉದಯೋನ್ಮುಖ.

ಅಮ್ಮನಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. ಅವಳಿಗೆ ಒಂದೇ ಅನುಮಾನ.

“ಬೇಸಿಗೆ ಬಟ್ಟೆನ ಅಕ್ಟೋಬರಲ್ಲಿ ಯಾಕೋ ತೋರಿಸ್ತಾರೆ?”

“ಆರು ತಿಂಗಳು ಮೊದಲೇ ಆರ್ಡರ್ ತಗೋಬೇಕಮ್ಮ.”

“ಸರಿ. ಅಂಗಡಿಗೆ ಯಾವಾಗ ಬರುತ್ತೆ?”

“ಜನವರಿ, ಫೆಬ್ರವರಿ.”

“ಆಗ ಅಲ್ಲಿ ಹಿಮ ಬೀಳ್ತಿರುತ್ತಲ್ಲೋ.”

“ಹೌದು.”

“ಮತ್ತೆ ಬೇಸಿಗೇಲಿ ಅಂಗಡೀಲಿ ಏನಿರುತ್ತೆ?”

“ಚಳಿಗಾಲದ ಕೋಟು.”

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ, “ಊಟ ಸರಿಯಾಗಿ ಮಾಡ್ತಿದ್ದೀಯ ತಾನೇ?” ಅಂದಳು.

ಟೊರಾಂಟೊದಲ್ಲಿ ಬೇಸಿಗೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಜುಲೈಯಲ್ಲಿ ಮಂಗಳೂರಿನ ಹಾಗೆ ಬೆವರು ಸುರಿಯುತ್ತದೆ. ಆದರೆ ಕೆನಡಾದ ಜನ ಬಟ್ಟೆಗೆ ನಿಜವಾಗಿ ದುಡ್ಡು ಬಿಚ್ಚುವುದು ಚಳಿಗಾಲದ ಕೋಟ್‌ಗೆ ಮಾತ್ರ. ಬೇಸಿಗೆಗೆ ಬೇಕಾದ ಅಂಗಿಯನ್ನು ತರಕಾರಿ ತರಲು ಹೋದಾಗ ತರುತ್ತಾರೆ. ಇದು ತಮಾಷೆಯಲ್ಲ. ಜೋ ಫ್ರೆಶ್ ಅನ್ನುವ ಬ್ರ್ಯಾಂಡು 2006ರಲ್ಲಿ ಹುಟ್ಟಿದ್ದೇ ದಿನಸಿ ಅಂಗಡಿಯೊಳಗೆ. ಬಾಳೆಹಣ್ಣು ದಾಟಿ ಎಡಕ್ಕೆ ತಿರುಗಿದರೆ ಅಂಗಿ. ಅದೂ ಫ್ಯಾಷನ್ ವೀಕಿನ ವೇದಿಕೆ ಹತ್ತಿತು. ಹತ್ತು ಡಾಲರಿನ ಟೀ ಶರ್ಟಿನ ಮುಂದೆ ನಮ್ಮ ಹುಡುಗ ಆರುನೂರು ಡಾಲರಿನ ಲಿನನ್ ಅಂಗಿ ಹಿಡಿದು ನಿಲ್ಲಬೇಕು.

2017ರ ನವೆಂಬರ್ 27ರಂದು ಕೆನಡಾದ ಫ್ಯಾಷನ್ನಿಗೆ ಭಾಗ್ಯ ತೆರೆಯಿತು. ಮೇಗನ್ ಮಾರ್ಕಲ್ ಬ್ರಿಟನ್ನಿನ ರಾಜಕುಮಾರ ಹ್ಯಾರಿ ಜೊತೆ ನಿಶ್ಚಿತಾರ್ಥದ ಫೋಟೊಗೆ ನಿಂತಾಗ ಟೊರಾಂಟೊದ ಬ್ರ್ಯಾಂಡ್ ಒಂದನ್ನು ತೊಟ್ಟಿದ್ದರು. ಜನ ನುಗ್ಗಿದ ರಭಸಕ್ಕೆ ಆ ಕಂಪನಿಯ ವೆಬ್‌ಸೈಟೇ ಮಲಗಿಬಿಟ್ಟಿತು. ಅವರು ತೊಟ್ಟಿದ್ದು ಏನು ಗೊತ್ತಾ? ಕೋಟು.

ಇನ್ನು ಇಂಥ ಬಟ್ಟೆಗಳನ್ನು ಇಡುತ್ತಿದ್ದ ದೊಡ್ಡ ಅಂಗಡಿಗಳಲ್ಲಿ ಒಂದು ಹಡ್ಸನ್ಸ್ ಬೇ. 1670ರ ಕಂಪನಿ. 2025ರ ಜೂನ್ 1ಕ್ಕೆ ಕೊನೆಯ ಬಾಗಿಲೂ ಮುಚ್ಚಿತು. ಹಸಿರು, ಕೆಂಪು, ಹಳದಿ, ನೀಲಿ ಪಟ್ಟೆಯ ಅದರ ಪ್ರಸಿದ್ಧ ಕಂಬಳಿಯ ಹಕ್ಕು, ಹೆಸರು ಎಲ್ಲವನ್ನೂ 3 ಕೋಟಿ ಡಾಲರಿಗೆ ಕೊಂಡವರು ಕೆನಡಿಯನ್ ಟೈರ್. ಹೌದು, ಗಾಡಿ ಟೈರಿನಿಂದ ಹೆಸರು ಪಡೆದ ಅಂಗಡಿಯವರು. ದೇಶದ ಅಷ್ಟು ಹಳೆಯ ವಿನ್ಯಾಸಕ್ಕೆ ಕೊನೆಗೂ ಟೈರ್ ಅಂಗಡಿಯಲ್ಲಿ ಜಾಗ ಸಿಕ್ಕಿತು. ನಮ್ಮ ಹುಡುಗ ಈಗ ಸಣ್ಣ ಅಂಗಡಿಗಳಿಗೆ ಬಟ್ಟೆ ಕೊಡುತ್ತಾನೆ. ಮಾರಾಟವಾದರೆ ದುಡ್ಡು, ಇಲ್ಲದಿದ್ದರೆ ಬಟ್ಟೆ ವಾಪಸ್. ವಾಪಸ್ ಬರುವುದರಲ್ಲಿ ಮಾತ್ರ ಬಹಳ ನಿಯತ್ತು.

ಕಳೆದ ಅಕ್ಟೋಬರಿನಲ್ಲಿ ಅವನ ವಸಂತ ಮತ್ತು ಬೇಸಿಗೆ ಸಂಗ್ರಹ ನೋಡಲು ಹೋಗಿದ್ದೆ. ಹಳೆಯ ಗೋದಾಮು. ಹೊರಗೆ ಆರು ಡಿಗ್ರಿ. ಒಳಗೆ ನಿಂಬೆ ಹಳದಿ, ಎಳೆ ಹಸಿರು, ಬೆನ್ನು ಪೂರ್ತಿ ಬಯಲು. ಮಾಡೆಲ್‌ಗಳ ತೋಳಿನ ಮೇಲೆ ಎದ್ದ ಮುಳ್ಳುಗೂದಲು ಮೂರನೇ ಸಾಲಿಗೂ ಕಾಣುತ್ತಿತ್ತು. ಬಟ್ಟೆ ಚೆನ್ನಾಗಿತ್ತು, ಸುಮ್ನೆ ಹೇಳುತ್ತಿಲ್ಲ. ಒಂದು ಅಂಗಿಯ ಕಾಲರ್ ನೋಡಿ ನನಗೇ ಆಸೆಯಾಯಿತು. ಪಕ್ಕದಲ್ಲಿದ್ದವರು ‘ತನ್ನತನ ಇದೆ’ ಅಂದರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದೆವು. ಒಬ್ಬರೂ ಏನೂ ಕೊಳ್ಳಲಿಲ್ಲ. ಎಲ್ಲರೂ ಕೋಟು ಇಡುವ ಕೌಂಟರಿಗೆ ಹೋಗಿ ಸಾಲು ನಿಂತೆವು.

ನನ್ನ ಟೋಕನ್ ಕಳೆದುಹೋಗಿತ್ತು. ಕೌಂಟರಿನ ಹುಡುಗಿ ಬೇಜಾರು ಮಾಡಿಕೊಳ್ಳದೆ ಕೇಳಿದಳು, “ನಿಮ್ಮ ಕೋಟು ಹೇಗಿದೆ?”

“ಕಪ್ಪು.”

“ಉದ್ದದ್ದಾ?”

“ಹೌದು, ಮಂಡಿವರೆಗೆ. ಟೋಪಿ ಇದೆ.”

ಅವಳು ತಿರುಗಿ ನೋಡಿದಳು. ಹಿಂದೆ ಇನ್ನೂರು ಕೋಟು ತೂಗುತ್ತಿದ್ದವು. ಇನ್ನೂರೂ ಕಪ್ಪು, ಇನ್ನೂರೂ ಮಂಡಿವರೆಗೆ, ಇನ್ನೂರಕ್ಕೂ ಟೋಪಿ. ನನ್ನ ಹಿಂದೆ ಸಾಲಿನಲ್ಲಿ ನಮ್ಮ ಹುಡುಗ ನಿಂತಿದ್ದ. ತಾನೇ ಹೊಲಿದ ನಿಂಬೆ ಹಳದಿ ಅಂಗಿಯಲ್ಲಿ ಸಣ್ಣಗೆ ನಡುಗುತ್ತಿದ್ದ. ಅವನ ಟೋಕನ್ನೂ ಎಲ್ಲೋ ಬಿದ್ದುಹೋಗಿತ್ತಂತೆ.

“ನಿನ್ನದು ಯಾವುದಪ್ಪಾ?” ಅಂದೆ.

“ಕಪ್ಪು,” ಅಂದ, ನೆಲ ನೋಡುತ್ತಾ.